ವಿಮಾನ ಇಳಿದ ಮೇಲಿನ ಮಾತು: 2021ರಲ್ಲಿ ಅಮೆರಿಕಕ್ಕೆ ಬಂದ ಅಫ್ಘನ್ ಕುಟುಂಬಗಳು ನೆಲೆ ನಿಂತವೇ?

ಶರಾವತಿ, ಫ್ರೀಮಾಂಟ್:

ಕ್ಯಾಲಿಫೋರ್ನಿಯಾದ ನಮ್ಮ ಫ್ರೀಮಾಂಟಿನ ಸೆಂಟರ್‌ವಿಲ್ ಭಾಗವನ್ನು ಇಲ್ಲಿಯವರು ಬಾಯಿಮಾತಿನಲ್ಲಿ 'ಲಿಟ್ಲ್ ಕಾಬೂಲ್' ಎನ್ನುತ್ತಾರೆ. 1979ರ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನದೊಳಗೆ ನುಗ್ಗಿದ ನಂತರದ ವರ್ಷಗಳಲ್ಲಿ ಬಂದ ಕುಟುಂಬಗಳು ಕಟ್ಟಿಕೊಂಡ ಕೇರಿ ಅದು. ಸೋನಾ ಮಸೂರಿ ತರಲು ಹೊರಟ ನಮ್ಮಂಥವರೂ ಅಲ್ಲಿ ಬಿಸಿ ನಾನ್‌ಗಾಗಿ ಸಾಲಿನಲ್ಲಿ ನಿಲ್ಲುವುದುಂಟು. ಆ ಕಾಲದಲ್ಲಿ ಬಂದವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ, ಅವರ ಮಾತು ಬೇರೆ. ನಾನು ಇಲ್ಲಿ ಕೇಳಬೇಕೆಂದಿರುವುದು 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಉಟ್ಟ ಬಟ್ಟೆಯಲ್ಲಿ ವಿಮಾನ ಹತ್ತಿದವರ ಬಗ್ಗೆ.

ಆ ವರ್ಷದ ಚಳಿಗಾಲದಲ್ಲಿ ನಮ್ಮ ಬೀದಿಯ ಕೆಲವರ ಜತೆ ಸೇರಿ ನಾನು ಐದು ಕುಟುಂಬಗಳಿಗೆ ಮನೆ ಅಣಿ ಮಾಡಿಕೊಟ್ಟೆ. ಪುನರ್ವಸತಿ ಸಂಸ್ಥೆಯವರು ಕೈಗೊಂದು ಪಟ್ಟಿ ಕೊಟ್ಟಿದ್ದರು. ಮಲಗಲು ಹಾಸಿಗೆ, ತಲೆಗೊಂದು ತಟ್ಟೆ, ಲೋಟ, ಚಮಚ, ಅಲಾರಾಂ ಗಡಿಯಾರ, ಕಸದ ಬುಟ್ಟಿ, ಬಂದ ರಾತ್ರಿಗೆ ಅವರ ರೂಢಿಗೆ ಒಗ್ಗುವ ಬಿಸಿ ಊಟ, ಹೀಗೆ. ನಾವು ಪಟ್ಟಿಯನ್ನು ಮೀರಿ ಒಂದು ಸೋಫಾವನ್ನೂ ಹೊತ್ತು ತಂದಿಟ್ಟು ಹೆಮ್ಮೆಪಟ್ಟುಕೊಂಡೆವು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಸೋಫಾ ಬಾಲ್ಕನಿಗೆ ಹೋಗಿತ್ತು. ಕೋಣೆಯ ಮೂರು ಗೋಡೆಗಳ ಉದ್ದಕ್ಕೂ ನೆಲದ ಮೇಲೆ ತೋಶಕ್ ಎಂಬ ಕೂರುವ ಹಾಸಿಗೆ ಹಾಸಿ ಏಳು ಜನ ಆರಾಮವಾಗಿ ಕುಳಿತಿದ್ದರು, ಮನೆಯಾಕೆ ಮಾತ್ರ ಬೆಳಗಿನಿಂದ ತೆರೆದ ಪಾತ್ರೆಯಲ್ಲಿ ಮಾಂಸ ಬೇಯಿಸುತ್ತಾ ಒಲೆಯ ಮುಂದೆ ನಿಂತಿದ್ದಳು. ಆಕೆ ಅಂಗೈ ಮುಚ್ಚಿ ಒಮ್ಮೆಲೇ ಮೇಲಕ್ಕೆತ್ತಿ 'ಶ್ಶ್' ಎಂದು ಸದ್ದು ಮಾಡಿ ತೋರಿಸಿದಾಗ ನನಗೆ ತಟ್ಟನೆ ಹೊಳೆಯಿತು: ಕುಕ್ಕರ್! ಅಮೆರಿಕನ್ನರು ಬರೆದ ಪಟ್ಟಿಯಲ್ಲಿ ಅದು ಇರುವುದಾದರೂ ಹೇಗೆ? ನಮ್ಮ ಇಂಡಿಯನ್ ಅಂಗಡಿಯಿಂದ ಏಳು ಲೀಟರಿನ ಕುಕ್ಕರ್ ತಂದುಕೊಟ್ಟ ದಿನದಿಂದ ನಮ್ಮಿಬ್ಬರ ಸ್ನೇಹ ಕುದುರಿತು.

ಇನ್ನೊಂದು ಸಂಗತಿಯನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆಕೆಯ ಗಂಡನಿಗೆ ಇರುವುದು ಒಂದೇ ಹೆಸರು. ಒಂದೇ ಹೆಸರಿದ್ದರೆ ಅಮೆರಿಕದ ವೀಸಾ ಪದ್ಧತಿ ಅದನ್ನು ಮನೆತನದ ಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ನಮ್ಮ ಮಾವನವರೂ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸದೆ ಬಂದು ಇಲ್ಲಿ 'ಫ್ನು' ಆಗಿದ್ದವರೇ. ಜತೆಗೆ ಆ ಏಳು ಮಂದಿಯಲ್ಲಿ ನಾಲ್ವರ ಜನ್ಮದಿನ ಜನವರಿ 1. ಅವರ ಹಳೆಯ ತಜ್ಕಿರಾ ಎಂಬ ಗುರುತಿನ ಕಾಗದದಲ್ಲಿ ಹುಟ್ಟಿದ ತಾರೀಕು ಇರುವುದಿಲ್ಲ, ಇಂಥ ವರ್ಷದಲ್ಲಿ ಇಷ್ಟು ವಯಸ್ಸು ಎಂದಷ್ಟೇ ಬರೆದಿರುತ್ತದೆ. ವರ್ಷವೂ ಅವರ ಸೌರ ಪಂಚಾಂಗದ್ದು. ಅದನ್ನು ಇಲ್ಲಿಯ ಲೆಕ್ಕಕ್ಕೆ ತಿರುಗಿಸುವ ಗುಮಾಸ್ತ ಜನವರಿ 1 ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ.

ಈ ಐದು ಕುಟುಂಬಗಳಲ್ಲಿ ಎರಡು ಇಂದು ನೆಮ್ಮದಿಯಾಗಿವೆ, ಮೂರು ಉಸಿರು ಬಿಗಿಹಿಡಿದು ಕುಳಿತಿವೆ. ದುಡಿಮೆಯಲ್ಲಾಗಲಿ, ಇಂಗ್ಲಿಷಿನಲ್ಲಾಗಲಿ, ಮಕ್ಕಳ ಓದಿನಲ್ಲಾಗಲಿ ಅವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇರುವ ವ್ಯತ್ಯಾಸ ಬಂದಿಳಿದ ದಿನ ಕೈಗೆ ಸಿಕ್ಕ ಕಾಗದದ್ದು. ಬೇರೆ ದೇಶಗಳಲ್ಲಿರುವವರ ಅನುಭವವೂ ಹೀಗೆಯೇ ಇದೆಯೇ ಎಂದು ತಿಳಿಯುವ ಆಸೆ.

ಗಡಿಯಾರ ಕಂಬ, ಸ್ಯಾನ್ ಹೋಸೆ:

ಮೇಡಂ, ನಿಮ್ಮ ಸೇವೆಯ ಬಗ್ಗೆ ನನಗೆ ಗೌರವವಿದೆ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಹೇಳಿಬಿಡುತ್ತೇನೆ. ನಾನು ಈ ದೇಶಕ್ಕೆ ಬಂದು ಹದಿಮೂರು ವರ್ಷಗಳಾದವು. ತೆರಿಗೆ ಕಟ್ಟುತ್ತಿದ್ದೇನೆ, ಒಂದು ಟ್ರಾಫಿಕ್ ದಂಡವೂ ಇಲ್ಲ, ಆದರೂ ಗ್ರೀನ್ ಕಾರ್ಡಿನ ಸರತಿಯಲ್ಲಿ ನನ್ನ ಪಾಳಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯಿಂದಾಗಿ ನನ್ನ ಮಗಳು 21 ತುಂಬಿದ ದಿನ ನನ್ನ ಅರ್ಜಿಯಿಂದಲೇ ಹೊರಬೀಳುವ ಅಪಾಯವಿದೆ. ಹೀಗಿರುವಾಗ ಒಂದೇ ವಿಮಾನದಲ್ಲಿ ನೂರಾರು ಜನರನ್ನು ತುಂಬಿಕೊಂಡು ಬಂದು, ಮನೆ ಕೊಟ್ಟು, ಆಹಾರದ ಕೂಪನ್ ಕೊಟ್ಟು ಕೂರಿಸಿದರು ಎಂದು ಕೇಳಿದಾಗ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಗುವುದು ತಪ್ಪೇ? ಸಾಲಿನಲ್ಲಿ ನಿಂತವನಿಗೆ ಮಾತ್ರ ಸಾಲಿನ ಕಷ್ಟ ಗೊತ್ತು.

ಶರಾವತಿ, ಫ್ರೀಮಾಂಟ್:

ಸಂಕಟವಾಗುವುದು ತಪ್ಪಲ್ಲ ಸರ್. ನಮ್ಮ ಮನೆಯಲ್ಲೂ ಹತ್ತು ವರ್ಷ ಅದೇ ಸಂಕಟವಿತ್ತು. ಆದರೆ ಅವರು ನಿಮ್ಮ ಸಾಲಿನಲ್ಲಿ ನುಗ್ಗಲಿಲ್ಲ. ಅಮೆರಿಕದ ಸೇನೆಗೆ ದುಭಾಷಿಗಳಾಗಿ, ಚಾಲಕರಾಗಿ ದುಡಿದವರಿಗಾಗಿ 2009ರ ಕಾಯ್ದೆಯಡಿ ಬಂದ ವಿಶೇಷ ವಲಸೆ ವೀಸಾಕ್ಕೆ ಪ್ರತ್ಯೇಕ ಲೆಕ್ಕವಿದೆ, ಅದು ಉದ್ಯೋಗ ವರ್ಗದ ಗ್ರೀನ್ ಕಾರ್ಡಿನ ಮಿತಿಯಿಂದ ಕಳೆಯುವಂಥದ್ದಲ್ಲ. ನಾನು ಹೇಳಿದ ನೆಮ್ಮದಿಯ ಎರಡು ಕುಟುಂಬಗಳು ಈ ವೀಸಾದವು. ಅದರ ಹಿಂದೆಯೂ ಸೇನಾಧಿಕಾರಿಯ ಶಿಫಾರಸು ಪತ್ರ, ದುಡಿದ ಕಂಪನಿಯ ದೃಢೀಕರಣ, ರಾಯಭಾರ ಕಚೇರಿಯ ಒಪ್ಪಿಗೆ ಎಂದು ವರ್ಷಗಟ್ಟಲೆ ಅಲೆದಾಟವಿತ್ತು. ಮುಚ್ಚಿಹೋದ ಗುತ್ತಿಗೆ ಕಂಪನಿಯಿಂದ ಪತ್ರ ತರುವುದು ಎಂಥ ಕೆಲಸ ಎಂಬುದನ್ನು ನೀವೇ ಊಹಿಸಿ.

ಉಳಿದ ಮೂರು ಕುಟುಂಬಗಳಿಗೆ ಗ್ರೀನ್ ಕಾರ್ಡ್ ಸಿಕ್ಕಿಲ್ಲ. ಅವರಿಗೆ ಸಿಕ್ಕಿದ್ದು 'ಪರೋಲ್'. ಜೈಲಿನ ಪರೋಲ್ ಅಲ್ಲ, ಮಾನವೀಯ ನೆಲೆಯಲ್ಲಿ ಎರಡು ವರ್ಷ ಇರಲು ಕೊಟ್ಟ ಅನುಮತಿ. ಶಾಶ್ವತ ವಾಸಕ್ಕೆ ಅದರಿಂದ ನೇರ ದಾರಿಯಿಲ್ಲ. ಹಾಗೆ ನೋಡಿದರೆ ಸ್ವಾಗತಕ್ಕೇನೂ ಕೊರತೆಯಿರಲಿಲ್ಲ. ವಿಸ್ಕಾನ್ಸಿನ್ನಿನ ಫೋರ್ಟ್ ಮೆಕಾಯ್‌ನಿಂದ ನ್ಯೂ ಮೆಕ್ಸಿಕೋದ ಹಾಲೊಮನ್‌ವರೆಗೆ ಎಂಟು ಸೇನಾ ನೆಲೆಗಳಲ್ಲಿ ತಾತ್ಕಾಲಿಕ ಊರುಗಳನ್ನೇ ಎಬ್ಬಿಸಿದರು, 76,000ಕ್ಕೂ ಹೆಚ್ಚು ಜನರನ್ನು ಬರಮಾಡಿಕೊಂಡರು, ಲಸಿಕೆ ಹಾಕಿಸಿದರು. ಅಲ್ಲಿಂದ ಊರೂರಿಗೆ ಕಳಿಸಿದಾಗ ತಲಾ 2,275 ಡಾಲರ್ ಎಂದು ಗೊತ್ತುಮಾಡಿದ್ದರು, ಅದರಲ್ಲಿ ನೇರವಾಗಿ ಆ ವ್ಯಕ್ತಿಗಾಗಿ ಖರ್ಚಾಗುವುದು 1,225. ಏಳು ಜನರ ಕುಟುಂಬಕ್ಕೆ 8,575 ಡಾಲರ್ ಆಯಿತು. ಬೇ ಏರಿಯಾದಲ್ಲಿ ಮುಂಗಡ ಮತ್ತು ಮೊದಲ ಬಾಡಿಗೆ ಕೊಟ್ಟ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಡಿಗೆಯ ಮೂರು ಪಟ್ಟು ಆದಾಯದ ಪುರಾವೆ ತನ್ನಿ, ಕ್ರೆಡಿಟ್ ಸ್ಕೋರ್ ತೋರಿಸಿ ಎಂದು ಮನೆ ಮಾಲೀಕರು ಕೇಳುತ್ತಿದ್ದರು. ನಿನ್ನೆ ಮೊನ್ನೆ ಬಂದಿಳಿದವನ ಬಳಿ ಸ್ಕೋರ್ ಎಲ್ಲಿಂದ ಬರಬೇಕು? ಒಂದು ಕುಟುಂಬ ನಾಲ್ಕು ತಿಂಗಳು ಮೋಟೆಲಿನ ಒಂದೇ ಕೋಣೆಯಲ್ಲಿ ಕಳೆಯಿತು.

ಪರೋಲಿನಿಂದ ಶಾಶ್ವತ ವಾಸಕ್ಕೆ ದಾರಿ ಮಾಡಿಕೊಡುವ ಮಸೂದೆ 2022ರ ಆಗಸ್ಟ್‌ನಲ್ಲೇ ಸಂಸತ್ತಿಗೆ ಬಂತು, ಮತ್ತೆ ಮತ್ತೆ ಬಂದರೂ ಕಾನೂನಾಗಲಿಲ್ಲ. ಇದೇನೂ ಕಂಡು ಕೇಳರಿಯದ ಬೇಡಿಕೆಯಲ್ಲ. 1975ರಲ್ಲಿ ವಿಯೆಟ್ನಾಮಿನಿಂದ ಬಂದವರೂ ಪರೋಲಿನವರೇ, ಅವರಿಗೆ 1977ರಲ್ಲಿ ಇಂಥದೇ ಕಾನೂನು ಮಾಡಿಕೊಟ್ಟಿದ್ದರು. ಅದಾಗದ ಕಾರಣ ಇವರೆಲ್ಲ ಒಬ್ಬೊಬ್ಬರಾಗಿ ಆಶ್ರಯದ ಅರ್ಜಿ ಹಾಕಿ, ಕಾಬೂಲಿನಲ್ಲಿ ತಮಗೇನಾಯಿತೆಂದು ಅಧಿಕಾರಿಯ ಮುಂದೆ ಮತ್ತೊಮ್ಮೆ ಮೊದಲಿನಿಂದ ಹೇಳಬೇಕಾಯಿತು. ಇಂಥ ಅರ್ಜಿಗಳನ್ನು 150 ದಿನಗಳಲ್ಲಿ ತೀರ್ಮಾನಿಸಬೇಕೆಂದು 2021ರ ಕಾನೂನೇ ಹೇಳಿತ್ತು, ನನಗೆ ಗೊತ್ತಿರುವ ಮೂವರಲ್ಲಿ ಒಬ್ಬರದೂ ಆ ಗಡುವಿನೊಳಗೆ ಮುಗಿಯಲಿಲ್ಲ.

ಹೊಂಗೆ ನೆರಳು, ಮಿಸಿಸಾಗ:

ಕೆನಡಾದ ಮಾತು ಸ್ವಲ್ಪ ಬೇರೆ. ಇಲ್ಲಿ ಪುನರ್ವಸತಿ ಯೋಜನೆಯಡಿ ಬರುವ ನಿರಾಶ್ರಿತರು ವಿಮಾನ ನಿಲ್ದಾಣದಲ್ಲಿ ಇಳಿದ ದಿನವೇ ಶಾಶ್ವತ ನಿವಾಸಿಗಳಾಗುತ್ತಾರೆ. ಸರ್ಕಾರ 40,000 ಅಫ್ಘನ್ನರನ್ನು ಕರೆತರುವ ಮಾತು ಕೊಟ್ಟಿತ್ತು, 2023ರ ಅಕ್ಟೋಬರ್‌ನಲ್ಲಿ ಆ ಸಂಖ್ಯೆಯನ್ನು ಮುಟ್ಟಿತು. ಕಾಗದವೇ ಎಲ್ಲ ಎಂಬ ಶರಾವತಿಯವರ ಮಾತನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲು ಯಾಕಿಲ್ಲ ಎಂದು ಹೇಳುತ್ತೇನೆ.

ಐದು ಜನ ನಾಗರಿಕರು ಅಥವಾ ಶಾಶ್ವತ ನಿವಾಸಿಗಳು ಸೇರಿ ಒಂದು ಕುಟುಂಬವನ್ನು ಕರೆಸಿಕೊಂಡು, ಒಂದು ವರ್ಷ ಅದರ ಬಾಡಿಗೆ, ದಿನಸಿ, ಶಾಲೆ, ಡಾಕ್ಟರು ಎಲ್ಲದರ ಹೊಣೆ ಹೊರುವ ಪದ್ಧತಿ ಇಲ್ಲಿದೆ. 1979ರಿಂದ ಈಚೆಗೆ ಖಾಸಗಿ ಪ್ರಾಯೋಜಕರ ಮೂಲಕ ಬಂದವರು 3 ಲಕ್ಷಕ್ಕೂ ಹೆಚ್ಚು. ನಮ್ಮ ಐವರ ಗುಂಪಿನಲ್ಲಿ ಇಬ್ಬರು ಕನ್ನಡಿಗರು, ಒಬ್ಬರು ಗುಜರಾತಿ, ಇಬ್ಬರು ನೆರೆಯ ಚರ್ಚಿನವರು. ನಾವು ಕರೆಸಿಕೊಂಡ ಕುಟುಂಬಕ್ಕೆ ಕಾಗದದ ಚಿಂತೆ ಇರಲಿಲ್ಲ, ಆದರೂ ಮೊದಲ ವರ್ಷ ಗಂಡಸಿಗೆ ನಿದ್ದೆಯಿರಲಿಲ್ಲ. ಆತ ಹೆರಾತಿನಲ್ಲಿ ಸಿವಿಲ್ ಎಂಜಿನಿಯರ್, ಇಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ. ನಮ್ಮಲ್ಲೊಬ್ಬರು ದಿನಾ ಫೋನ್ ಮಾಡಿ ಕೆಲಸ ಸಿಕ್ಕಿತೇ ಎಂದು ಕೇಳುತ್ತಿದ್ದರು. ಸಹಾಯ ಮಾಡುವವರಿಗೆ ಲೆಕ್ಕ ಒಪ್ಪಿಸುವ ಭಾರವೇ ಆತನಿಗೆ ಹೆಚ್ಚಾಯಿತು. ಹದಿಮೂರನೆಯ ತಿಂಗಳು ನಮ್ಮ ಹಣ ನಿಂತಾಗ ಆತ ಸಿಹಿ ತಂದು ಹಂಚಿದ್ದನ್ನು ಕಂಡು ನಮಗೆ ಸ್ವಲ್ಪ ಪಿಚ್ಚೆನಿಸಿತು, ಆಮೇಲೆ ಅರ್ಥವಾಯಿತು.

ಇನ್ನೊಂದು ತೊಡಕೂ ಇದೆ. ಐವರ ಗುಂಪು ಕರೆಸಬೇಕಾದರೆ ಆ ವ್ಯಕ್ತಿಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೋ ಆಶ್ರಯ ಕೊಟ್ಟ ದೇಶವೋ ನಿರಾಶ್ರಿತನೆಂದು ಗುರುತಿಸಿದ ಪತ್ರ ಬೇಕು. ಪಾಕಿಸ್ತಾನದಲ್ಲಿ ಕಾಯುತ್ತಿದ್ದವರಿಗೆ ಅದೇ ಸಿಗದ ವಸ್ತು. 2023ರ ನವೆಂಬರಿನಿಂದ ಆ ದೇಶ ದಾಖಲೆಯಿಲ್ಲದ ಅಫ್ಘನ್ನರನ್ನು ಗಡಿಯಾಚೆ ಕಳಿಸತೊಡಗಿತು. 2024ರ ನವೆಂಬರ್ ಕೊನೆಯಿಂದ ಕೆನಡಾ ಕೂಡ ಐವರ ಗುಂಪಿನ ಹೊಸ ಅರ್ಜಿಗಳನ್ನು ತಡೆಹಿಡಿದಿದೆ. ನಾವು ಎರಡನೆಯ ಕುಟುಂಬಕ್ಕೆಂದು ಕೂಡಿಟ್ಟ ಹಣ ಹಾಗೆಯೇ ಬ್ಯಾಂಕಿನಲ್ಲಿದೆ.

ಯಮುನೆಯ ದಡ, ದೆಹಲಿ:

ಅಲ್ಲಿ ಕಾಗದ ತಡ, ಇಲ್ಲಿ ಆ ಕಾಗದಕ್ಕೆ ಹೆಸರೇ ಇಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರ ಕಾಯ್ದೆಯೂ ಇಲ್ಲ. ನಾನು ಲಾಜಪತ್ ನಗರದ ಪಕ್ಕದಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ನಾನ್ ತಂದೂರುಗಳು, ಪರ್ಷಿಯನ್ ಲಿಪಿಯ ಬೋರ್ಡುಗಳು, ಔಷಧದ ಅಂಗಡಿಯ ಗಾಜಿನ ಮೇಲೂ ದರಿ ಭಾಷೆ. ನೋಡಿದವರಿಗೆ ಬೇರೂರಿದ ಸಮುದಾಯವೆಂದೇ ಅನ್ನಿಸುತ್ತದೆ. ಆದರೆ ನನಗೆ ಪರಿಚಯವಿರುವ ಒಬ್ಬರ ಜೇಬಿನಲ್ಲಿರುವುದು ವಿಶ್ವಸಂಸ್ಥೆಯ ನೀಲಿ ಕಾರ್ಡ್ ಮಾತ್ರ. ಅದನ್ನು ತೋರಿಸಿದರೆ ಪೊಲೀಸರು ಬಿಡಬಹುದು, ಬ್ಯಾಂಕಿನವರು ಖಾತೆ ತೆರೆಯುವುದಿಲ್ಲ. ಕ್ಯಾನ್ಸರ್‌ಗೋ ಹೃದಯದ ಶಸ್ತ್ರಚಿಕಿತ್ಸೆಗೋ ಕಾಬೂಲಿನಿಂದ ಬರುತ್ತಿದ್ದ ರೋಗಿಗಳಿಗೆ ಆಸ್ಪತ್ರೆಗಳಲ್ಲಿ ದುಭಾಷಿಯಾಗಿ ಅವರು ಸಂಸಾರ ನಡೆಸುತ್ತಿದ್ದರು. 2021ರ ಆಗಸ್ಟ್ ನಂತರ ರೋಗಿಗಳ ಬರವು ನಿಂತಿತು, ಇವರ ಅನ್ನವೂ ನಿಂತಿತು. ಅದೇ ತಿಂಗಳು ವಸಂತ ವಿಹಾರದ ವಿಶ್ವಸಂಸ್ಥೆ ಕಚೇರಿಯ ಮುಂದೆ ಅಫ್ಘನ್ನರು ದಿನಗಟ್ಟಲೆ ಧರಣಿ ಕುಳಿತಾಗ ಅವರ ಬೇಡಿಕೆ ಇಲ್ಲಿ ಉಳಿಯುವುದಾಗಿರಲಿಲ್ಲ, ಮೂರನೆಯ ದೇಶಕ್ಕೆ ಕಳಿಸಿ ಎಂಬುದಾಗಿತ್ತು.

ತಿಲಕ್ ನಗರದ ಅಫ್ಘನ್ ಸಿಖ್ಖರ ಸ್ಥಿತಿ ಇನ್ನೂ ವಿಚಿತ್ರ. 2020ರ ಮಾರ್ಚ್ 25ರಂದು ಕಾಬೂಲಿನ ಗುರುದ್ವಾರದ ಮೇಲೆ ದಾಳಿಯಾಗಿ 25 ಜನ ಸತ್ತ ಮೇಲೆ, ಮತ್ತೆ 2021 ಮತ್ತು 2022ರಲ್ಲಿ, ಉಳಿದಿದ್ದವರಲ್ಲಿ ಬಹುಪಾಲು ಜನ ಇಲ್ಲಿಗೆ ಬಂದರು. ಪೌರತ್ವ ತಿದ್ದುಪಡಿ ಕಾಯ್ದೆ ಅವರಂಥವರಿಗಾಗಿಯೇ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದರ ಗಡುವು 2014ರ ಡಿಸೆಂಬರ್ 31. ಇವರು ಬಂದದ್ದು ಅದರ ಆರೇಳು ವರ್ಷ ಈಚೆಗೆ.

ಚಾಮುಂಡಿ ತಪ್ಪಲು, ಮೈಸೂರು:

ನಾನು ನಿವೃತ್ತ ಅಧ್ಯಾಪಕ, ಕೆಲವು ವರ್ಷ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದ ಮೇಲೆ ಅಫ್ಘನ್ ಹುಡುಗರು ನಮ್ಮಲ್ಲಿ ಓದುತ್ತಿದ್ದರು. ಅವರನ್ನು ಯಾರೂ ನಿರಾಶ್ರಿತರೆಂದು ಬರಮಾಡಿಕೊಂಡಿರಲಿಲ್ಲ; ಅತಿಥಿಗಳಾಗಿ ಬಂದವರು ಕಾಬೂಲ್ ಬಿದ್ದ ಆ ಭಾನುವಾರ ಬೆಳಗಿನಿಂದ ಸಂಜೆಯೊಳಗೆ ಹಿಂತಿರುಗಲಾರದವರಾದರು. ಆ ರಾತ್ರಿ ಹಾಸ್ಟೆಲಿನಲ್ಲಿ ಊಟಕ್ಕೆ ಯಾರೂ ಬರಲಿಲ್ಲ. ಮಾರನೆಯ ವಾರದಿಂದ ಶುರುವಾದದ್ದು ವೀಸಾ ಮುಂದುವರಿಕೆಯ ಓಡಾಟ. ಕೋರ್ಸ್ ಮುಗಿದವನಿಗೆ ಇರಲು ಕಾರಣವಿಲ್ಲ, ಹಾಗೆಂದು ಹೋಗಲು ಊರಿಲ್ಲ. ಒಬ್ಬ ಹುಡುಗ ವೀಸಾ ಉಳಿಸಿಕೊಳ್ಳಲೆಂದೇ ಎರಡನೆಯ ಎಂ.ಎ.ಗೆ ಸೇರಿದ. ಮೊದಲನೆಯದರಲ್ಲಿ ಅವನು ತರಗತಿಗೇ ಮೊದಲಿಗ, ಎರಡನೆಯದರ ವಿಷಯ ಅವನಿಗೆ ಕಿಂಚಿತ್ತೂ ಬೇಕಾಗಿರಲಿಲ್ಲ.

ಆದರೆ ಕಾಗದದ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ಜಿಲ್ಲೆಯ ಬೈಲಕುಪ್ಪೆಯನ್ನೇ ನೋಡಿ. 1960ರ ಸುಮಾರಿಗೆ ಮೈಸೂರು ಸರ್ಕಾರ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಇಂದಿಗೂ ಅವರಲ್ಲಿ ಅನೇಕರ ಬಳಿ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ, ಪೌರತ್ವವಲ್ಲ. ಆದರೂ ಜೋಳ ಬೆಳೆದರು, ಸ್ವೆಟರ್ ಮಾರಿದರು, ಶಾಲೆ, ಆಸ್ಪತ್ರೆ, ಮಠ ಕಟ್ಟಿದರು. ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಕಾಗದ ಅರೆಬರೆಯಾದರೂ ಕಾಲೂರಲು ನೆಲವಿದ್ದರೆ ಸಾಕಲ್ಲವೇ?

ಯಮುನೆಯ ದಡ, ದೆಹಲಿ:

ಮೇಷ್ಟ್ರೇ, ಭೂಮಿ ಕೊಟ್ಟ ಸರ್ಕಾರಿ ಆದೇಶವೂ ಒಂದು ಕಾಗದವೇ ತಾನೇ? ಲಾಜಪತ್ ನಗರದವರಿಗೆ ಯಾರೂ ಒಂದು ಗುಂಟೆಯನ್ನೂ ಕೊಟ್ಟಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರೂ ಇನ್ನೊಬ್ಬರ ಹೆಸರಿನಲ್ಲಿರುತ್ತದೆ.

ಗಡಿಯಾರ ಕಂಬ, ಸ್ಯಾನ್ ಹೋಸೆ:

ಸಾಲಿನ ಲೆಕ್ಕ ಬೇರೆ ಎಂಬ ಮಾತನ್ನು ಒಪ್ಪಿದೆ, ಅಷ್ಟು ವಿವರ ನನಗೆ ತಿಳಿದಿರಲಿಲ್ಲ. ಆದರೆ ತಪಾಸಣೆಯ ಪ್ರಶ್ನೆಯನ್ನು ಬಿಟ್ಟುಕೊಡಲಾರೆ. 2025ರ ನವೆಂಬರ್ 26ರಂದು ವಾಷಿಂಗ್ಟನ್‌ನಲ್ಲಿ ನ್ಯಾಷನಲ್ ಗಾರ್ಡ್‌ನ ಇಬ್ಬರ ಮೇಲೆ ಗುಂಡು ಹಾರಿತು, ಅವರಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆರೋಪಿ 2021ರಲ್ಲಿ ಇದೇ ಯೋಜನೆಯಡಿ ಬಂದವನು. ಆ ಹುಡುಗಿಯ ತಂದೆತಾಯಿಯ ಮುಂದೆ ನಿಂತು ಎಲ್ಲ ಸರಿಯಾಗಿತ್ತು ಎಂದು ಹೇಳಲು ನಿಮಗೆ ಸಾಧ್ಯವೇ?

ಶರಾವತಿ, ಫ್ರೀಮಾಂಟ್:

ಇಲ್ಲ, ಹೇಳಲಾರೆ. ಆ ಸುದ್ದಿ ಬಂದ ದಿನ ಇಲ್ಲಿನ ಅಫ್ಘನ್ ಹೆಂಗಸರು ಮಕ್ಕಳನ್ನು ಶಾಲೆಗೆ ಬಿಡಲೂ ಹೆದರಿದರು, ಅವರಿಗೂ ಹೇಳಲು ಮಾತಿರಲಿಲ್ಲ. ಆರೋಪಿಗೆ ಆಶ್ರಯ ಮಂಜೂರಾದದ್ದು 2025ರ ಏಪ್ರಿಲ್‌ನಲ್ಲಿ, ಅಂದರೆ ತಪಾಸಣೆ ಒಂದಲ್ಲ, ಹಲವು ಸಲ ನಡೆದಿತ್ತು. ಎಲ್ಲಿ ತಪ್ಪಿತೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಅದರ ಬೆನ್ನಿಗೇ ಆದದ್ದೇನು? ಅಫ್ಘನ್ ಪ್ರಜೆಗಳ ವಲಸೆ ಅರ್ಜಿಗಳನ್ನೆಲ್ಲ ಇಲಾಖೆ ಒಂದೇ ಏಟಿಗೆ ನಿಲ್ಲಿಸಿತು. ಊರಿಗೆ ಮರಳುವುದು ಅಪಾಯವೆಂದು ಅಫ್ಘನ್ನರಿಗೆ ಕೊಟ್ಟಿದ್ದ ತಾತ್ಕಾಲಿಕ ರಕ್ಷಣೆಯ ಸ್ಥಾನಮಾನ ಜುಲೈನಲ್ಲೇ ಕೊನೆಗೊಂಡಿತ್ತು. ಹಾಗಾಗಿ ಈ ಮೂರು ಕುಟುಂಬಗಳಿಗೆ ಉಳಿದದ್ದು ತೀರ್ಮಾನವಾಗದ ಆಶ್ರಯದ ಅರ್ಜಿ ಮತ್ತು ಅದರ ಬಲದ ಮೇಲೆ ಸಿಕ್ಕ ಕೆಲಸದ ಪರವಾನಗಿ ಮಾತ್ರ.

ಆ ಪರವಾನಗಿಯ ಕಷ್ಟ ನಿಮಗೆ ಗೊತ್ತು ಸರ್. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ನಮ್ಮ ಹೆಣ್ಣುಮಕ್ಕಳದೂ ಅದೇ ಕಾರ್ಡ್. ನವೀಕರಣದ ಅರ್ಜಿ ಹಾಕಿದರೆ ಹಳೆಯ ಕಾರ್ಡೇ 540 ದಿನ ತಾನಾಗಿ ಮುಂದುವರಿಯುತ್ತದೆ ಎಂಬ ಅನುಕೂಲವನ್ನು 2025ರ ಅಕ್ಟೋಬರ್ 30ರಿಂದ ತೆಗೆದುಹಾಕಿದರು. ಕಾರ್ಡಿನ ದಿನಾಂಕ ಮುಗಿದ ಮರುದಿನ ಕೆಲಸ ಬಿಡಬೇಕು, ಅಷ್ಟೇ. ಆ ನಿಯಮ ಬಂದಾಗ ನಮ್ಮ ಕನ್ನಡ ಗುಂಪಿನಲ್ಲಿ ಎಷ್ಟು ಜನ ಅತ್ತರು ಎಂದು ನೆನಪಿದೆ.

ಮಿಸಿಸಾಗದವರು ಹೇಳಿದ ಕಾಲು ಪಾಲು ನನ್ನ ತಲೆಯಲ್ಲಿ ಕೊರೆಯುತ್ತಿದೆ, ಯಾಕೆಂದರೆ ಮನೆಯೊಳಗಿನ ಕಥೆ ಅದೇ. ಕುಕ್ಕರಿನಾಕೆ ಹಳ್ಳಿಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ವಯಸ್ಕರ ಇಂಗ್ಲಿಷ್ ತರಗತಿಗೆ ಮೂರು ದಿನ ಹೋಗಿ ಬಿಟ್ಟಳು. ಕಲಿಸುವವರು ಬೋರ್ಡಿನ ಮೇಲೆ ಬರೆದದ್ದನ್ನು ನಿಮ್ಮ ಭಾಷೆಯಲ್ಲಿ ಬರೆದುಕೊಳ್ಳಿ ಎನ್ನುತ್ತಿದ್ದರು, ಆಕೆಗೆ ತನ್ನ ಭಾಷೆಯ ಲಿಪಿಯೂ ಬಾರದು. ದರಿ ದುಭಾಷಿಯನ್ನು ಗೊತ್ತುಮಾಡಿದ್ದರು, ಆಕೆಯ ಮನೆಮಾತು ಪಶ್ತೋ. ತರಗತಿಯ ಹೊತ್ತಿಗೆ ಕೈಗೂಸನ್ನು ನೋಡಿಕೊಳ್ಳುವವರೂ ಇರಲಿಲ್ಲ. ನಾವು ಮಾತಾಡುವುದು ಹಿಂದಿಯಲ್ಲಿ. ಆಕೆಯದು ಪೇಶಾವರದಲ್ಲಿ ಕಳೆದ ಬಾಲ್ಯದ ಉರ್ದು ಮತ್ತು ಟಿವಿ ಧಾರಾವಾಹಿಗಳ ಹಿಂದಿ, ನನ್ನದು ಹುಬ್ಬಳ್ಳಿಯ ಹಿಂದಿ. ಒಮ್ಮೆ ಆಕೆಯ ಗಂಡ ಒಂದು ಲಕೋಟೆ ಹಿಡಿದು 'ದರ್ಖಾಸ್ತ್, ದರ್ಖಾಸ್ತ್' ಎಂದು ಗಾಬರಿಯಿಂದ ಹೇಳಿದಾಗ ದುಭಾಷಿಗೆ ಫೋನ್ ಮಾಡಬೇಕಾಗಲಿಲ್ಲ. ನಮ್ಮಜ್ಜ ಸಾಗರದ ತಾಲ್ಲೂಕು ಕಚೇರಿಗೆ ದರ್ಖಾಸ್ತು ಜಮೀನಿಗಾಗಿ ಇಪ್ಪತ್ತು ವರ್ಷ ಅಲೆದವರು. ಅರ್ಜಿ, ಕಾಗದ, ದರ್ಖಾಸ್ತು, ಈ ಮೂರು ಪದಗಳಿದ್ದರೆ ಅವರ ಕಷ್ಟದ ಅರ್ಧ ಭಾಗ ಕನ್ನಡದಲ್ಲೇ ಅರ್ಥವಾಗುತ್ತದೆ.

ಆಕೆಗೆ ಬೇಕಾಗಿದ್ದದ್ದು ಕಾರು. ಅಂಗಡಿಗೆ ಎರಡು ಬಸ್ಸು, ಕ್ಲಿನಿಕ್ಕಿಗೆ ಮೂರು, ಗಂಡ ಊಬರ್ ಓಡಿಸಲು ಹೋದರೆ ರಾತ್ರಿಯೇ ಬರುವುದು. ಮೊದಲು ಗಂಡನಿಗೆ ಇಷ್ಟವಿರಲಿಲ್ಲ. ಕಳೆದ ವರ್ಷ ಮಗುವಿಗೆ ಜ್ವರ ಏರಿ ಆಂಬುಲೆನ್ಸಿನ ಬಿಲ್ ಬಂದ ಮೇಲೆ ಆತನೇ ಕಲಿಸಿಕೊಡಿ ಎಂದು ಕೇಳಿದ. ಬರೆಯುವ ಪರೀಕ್ಷೆಯ ಪ್ರಶ್ನೆಗಳನ್ನು ನಾನು ಓದಿ ಹೇಳಿ, ಆಕೆ ಚಿಹ್ನೆಗಳನ್ನು ಬಾಯಿಪಾಠ ಮಾಡಿ, ಮೂರನೆಯ ಸಲಕ್ಕೆ ಪಾಸಾದಳು.

ಮೇಷ್ಟ್ರು ಹೇಳಿದ ನೆಲದ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹೋದ ವಾರ ಹೋಗಿದ್ದಾಗ ಗಂಡನ ಪರವಾನಗಿ ನವೀಕರಣದ ರಸೀದಿಯನ್ನು ಆಕೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಫ್ರಿಜ್ಜಿನ ಬಾಗಿಲಿಗೆ, ಮಕ್ಕಳ ಶಾಲೆಯ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದಳು. ಅದರ ಮೇಲೂ 'ಎಫ್‌ಎನ್‌ಯು' ಎಂದೇ ಇದೆ. ಹಳೆಯ ಕಾರ್ಡಿನ ದಿನಾಂಕ ಮುಗಿಯಲು ಇನ್ನು ಏಳು ವಾರ. ಈ ಶನಿವಾರ ಶಾಲೆಯ ಖಾಲಿ ಮೈದಾನದಲ್ಲಿ ಪ್ಯಾರಲಲ್ ಪಾರ್ಕಿಂಗ್ ಅಭ್ಯಾಸವಿದೆ. ನನ್ನ ಕಾರು ಉದ್ದ, ಅದರಲ್ಲಿ ಕಲಿಯುವುದು ಆಕೆಗೆ ಕಷ್ಟವಾಗುತ್ತಿದೆ. ಹತ್ತಿರದಲ್ಲಿರುವ ಯಾರಾದರೂ ಎರಡು ಗಂಟೆಯ ಮಟ್ಟಿಗೆ ಚಿಕ್ಕ ಕಾರನ್ನು ಕೊಡಬಲ್ಲಿರಾದರೆ ಇಲ್ಲೇ ತಿಳಿಸಿ, ವಿಮೆಯ ವಿಷಯವನ್ನು ಫೋನಿನಲ್ಲಿ ಮಾತಾಡೋಣ.